ಖಾಲಿ ಗುಂಡಿಯ ಕಾವಲು

ಮೊನ್ನೆ ಹಲಸೂರು ಮಾರ್ಕೆಟ್ಟಿಗೆ ಹೋಗಿದ್ದಾಗ ಸೊಪ್ಪು ಮಾರುವ ಹೆಂಗಸು ನನ್ನ ಮುಖವನ್ನೇ ದಿಟ್ಟಿಸಿ ನೋಡಿ, "ನೀವು ಶಿಲುಬೆಗೆ ಹೆಸ್ರು ಬರೀತಿದ್ದ ಪೇಂಟ್ರಲ್ವಾ?" ಎಂದು ಕೇಳಿದಳು. ಹೌದೆಂದೆ. "ನಮ್ಮೂರಿನ ಯಜಮಾನ್ರು, ಅದೇ ಆ ಸ್ಮಶಾನ ಕಾಯ್ತಿದ್ರಲ್ಲ, ಹೋಗ್ಬಿಟ್ರು ಕಣ್ರೀ. ತಿಂಗಳಾಯ್ತು. ನಿದ್ದೇಲೇ ಹೋದ್ರು, ಪುಣ್ಯವಂತ್ರು" ಎಂದು ಹೇಳಿ ದಂಟಿನ ಸೊಪ್ಪಿನ ಮೇಲೆ ನೀರು ಚಿಮುಕಿಸಿದಳು.

ನನಗೆ ಸಂಕಟವಾಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಸಂಕಟಕ್ಕಿಂತ ಮೊದಲು ಬಂದದ್ದು ಅನುಮಾನ. ಆ ಮನುಷ್ಯ ನಿದ್ದೆ ಮಾಡುತ್ತಿದ್ದರು ಎಂಬುದನ್ನೇ ನಾನು ನಂಬಲಾರೆ. ಕೆಲವರಿಗೆ ಬದನೆಕಾಯಿ ಒಗ್ಗದ ಹಾಗೆ ಅವರಿಗೆ ನೆಮ್ಮದಿ ಒಗ್ಗುತ್ತಿರಲಿಲ್ಲ. ಮಳೆ ಬಾರದಿದ್ದರೆ ಹೆದರಿಕೆ, ಬಂದರೆ ಕೆರೆಯ ಏರಿ ಒಡೆದೀತೆಂದು ಹೆದರಿಕೆ. ಎದುರಿಗೆ ಯಾರು ಸಿಕ್ಕರೂ ನಮಸ್ಕಾರದ ಬದಲು "ಏನೂ ಇಲ್ಲ ತಾನೆ?" ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದರೆ ನಂಬುತ್ತಲೂ ಇರಲಿಲ್ಲ.

ಅವರು ನನಗೆ ಪರಿಚಯವಾದದ್ದು ಯುದ್ಧದ ಕಾಲದಲ್ಲಿ. ಆಗ ನಾನು ಶಿವಾಜಿನಗರದ ಒಂದು ಬೋರ್ಡ್ ಬರೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಶಿವಾಜಿನಗರ ಎಂದು ಆಗ ಯಾರೂ ಅನ್ನುತ್ತಿರಲಿಲ್ಲ, ಎಲ್ಲರಿಗೂ ಅದು ಬ್ಲಾಕ್‌ಪಳ್ಳಿಯೇ. ನನಗೆ ಇಂಗ್ಲಿಷ್ ಅಕ್ಷರ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಬಿಸ್ಕತ್ತಿನ ಅಂಗಡಿ, ಟೈಲರ್ ಅಂಗಡಿ, ಬ್ಯಾಂಡಿನವರ ಡೋಲು, ಎಲ್ಲದರ ಮೇಲೂ ಬರೆಯುತ್ತಿದ್ದೆ. ಬರ್ಮಾ ಕಡೆ ಯುದ್ಧ ಜೋರಾದ ಮೇಲೆ ನಮ್ಮ ಅಂಗಡಿಗೆ ಮಿಲಿಟರಿಯವರ ಕೆಲಸ ಬರತೊಡಗಿತು. ಮರದ ಶಿಲುಬೆಗೆ ಬಿಳಿ ಬಣ್ಣ ಬಳಿದು, ಸತ್ತ ಸಿಪಾಯಿಯ ನಂಬರು, ಹೆಸರು, ಪಟಾಲಮ್ಮು, ತಾರೀಖು ಕಪ್ಪಿನಲ್ಲಿ ಬರೆಯಬೇಕು. ಬರೆದ ಶಿಲುಬೆಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸ್ಮಶಾನಕ್ಕೆ ಹೋಗಿ ನೆಟ್ಟು ಬರುವುದೂ ನನ್ನದೇ ಕೆಲಸ.

ಆ ಸ್ಮಶಾನ ಊರ ಹೊರಗಿತ್ತು. ಹಲಸೂರು ದಾಟಿ, ಹಳೇ ಮದ್ರಾಸ್ ರಸ್ತೆಯಲ್ಲಿ ಕೃಷ್ಣರಾಜಪುರದ ಕಡೆ ಹೋಗುವಾಗ ಒಂದು ಗಾಡಿ ಜಾಡು ಸಿಗುತ್ತಿತ್ತು. ಅದನ್ನು ಹಿಡಿದರೆ ರಾಗಿ ಹೊಲಗಳು, ಒಂದು ಸಣ್ಣ ಕೆರೆ, ಕೆರೆಯ ಆಚೆ ಮಿಲಿಟರಿ ಕ್ಯಾಂಪು. ಕ್ಯಾಂಪಿನಲ್ಲಿ ಗಾಯಾಳುಗಳಿಗೆಂದು ತಗಡಿನ ಮಾಡಿನ ಆಸ್ಪತ್ರೆ ಕಟ್ಟಿದ್ದರು. ಅಲ್ಲಿ ಬದುಕದೆ ಹೋದವರನ್ನು ಕೆರೆಯ ಈಚೆ, ಮುಳ್ಳುತಂತಿ ಸುತ್ತಿದ ಒಂದು ತುಂಡು ನೆಲದಲ್ಲಿ ಮಣ್ಣು ಮಾಡುತ್ತಿದ್ದರು. ದೊಡ್ಡದೇನಲ್ಲ, ಒಳ್ಳೆ ಅವರೆ ಹೊಲದಷ್ಟು. ಮೂಲೆಯಲ್ಲಿ ಒಂದು ಹೊಂಗೆ ಮರ. ಬಿಳಿಯರು, ಆಫ್ರಿಕಾದಿಂದ ಬಂದ ಕರಿಯ ಸಿಪಾಯಿಗಳು, ನಮ್ಮ ಕಡೆಯ ಕ್ರಿಸ್ತುವರು, ಎಲ್ಲರೂ ಅಲ್ಲಿ ಸಾಲಾಗಿ ಮಲಗಿದ್ದರು. ಬಹಳಷ್ಟು ಜನ ಗುಂಡೇಟಿನಿಂದ ಸತ್ತವರಲ್ಲ, ಜ್ವರದಿಂದ ಸತ್ತವರು.

ಆ ಜಾಗದ ಕಾವಲು ಮತ್ತು ಗುಂಡಿ ತೋಡುವ ಕೆಲಸ ನಮ್ಮ ಯಜಮಾನರದು. ಪಕ್ಕದ ಹಳ್ಳಿಯವರು, ಐವತ್ತರ ಆಸುಪಾಸು, ಸ್ವಂತ ಹೊಲವಿದ್ದವರು. ಉಣ್ಣುವುದಕ್ಕೆ ಕಡಿಮೆಯಿರಲಿಲ್ಲ. ಹೊಲವಿರುವ ಮನುಷ್ಯ ಇಂಥ ಕೆಲಸಕ್ಕೆ ಯಾಕೆ ಬಂದರೆಂದು ಊರವರಿಗೆಲ್ಲ ಆಶ್ಚರ್ಯ, ಕೆಲವರಿಗೆ ಅಸಹ್ಯ. ಕಾರಣ ನನಗೆ ಎರಡನೇ ಭೇಟಿಯಲ್ಲೇ ತಿಳಿಯಿತು. ಅವರ ಒಬ್ಬನೇ ಮಗ ಮನೆಯಲ್ಲಿ ಹೇಳದೆ ಕೇಳದೆ ಪಟಾಲಮ್ಮಿಗೆ ಸೇರಿ ಬರ್ಮಾ ಕಡೆಗೆ ಹೋಗಿಬಿಟ್ಟಿದ್ದ. ಮಿಲಿಟರಿಯವರ ಪಕ್ಕದಲ್ಲೇ ಇದ್ದರೆ ಅವನ ಸುದ್ದಿ ಬೇಗ ಸಿಕ್ಕೀತು ಎಂಬುದು ಇವರ ಲೆಕ್ಕ. ಶವ ಹೊತ್ತು ಬಂದ ಪ್ರತಿ ಸಿಪಾಯಿಯನ್ನೂ "ಬರ್ಮಾ? ಬರ್ಮಾ?" ಎಂದು ಕೇಳುತ್ತಿದ್ದರು. ಸಿಪಾಯಿ ಹೌದೆಂದು ತಲೆಯಾಡಿಸಿದರೆ ಮುಂದೆ ಯಾವ ಭಾಷೆಯಲ್ಲಿ ಏನು ಕೇಳಬೇಕೆಂದು ತಿಳಿಯದೆ ಹಾಗೇ ನಿಂತುಬಿಡುತ್ತಿದ್ದರು. ಮೊದಮೊದಲು ಮಗನಿಂದ ಕಾರ್ಡು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಹೊಸ ಶಿಲುಬೆ ತಂದಾಗಲೆಲ್ಲ ಅವರದು ಒಂದೇ ಪ್ರಶ್ನೆ. "ಇವ್ನಿಗೆ ಎಷ್ಟು ವಯಸ್ಸಂತೆ ಪೇಂಟ್ರೇ?" ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. "ನಮ್ಮ ಹುಡುಗನಿಗಿಂತ ಚಿಕ್ಕೋನು" ಎಂದೋ "ನಮ್ಮ ಹುಡುಗನ ವಾರಿಗೆಯೋನು" ಎಂದೋ ಹೇಳಿ ಆ ಮಣ್ಣಿನ ಮೇಲಿನ ಹುಲ್ಲು ಕಿತ್ತು ಬಿಸಾಡುತ್ತಿದ್ದರು. ಮಗನ ಹೆಸರನ್ನು ಮಾತ್ರ ನನ್ನೆದುರು ಎಂದೂ ಎತ್ತಲಿಲ್ಲ. ನಾನು ಒಮ್ಮೆ ಕೇಳಿದ್ದಕ್ಕೆ ನನ್ನ ಕೈಯಲ್ಲಿದ್ದ ಕುಂಚವನ್ನು ನೋಡಿ, "ನಿಮಗ್ಯಾಕೆ ಹೆಸ್ರು? ನೀವು ಬರ್ದೋರು ಯಾರಾದ್ರೂ ಎದ್ ಬಂದಿದ್ದಾರಾ?" ಎಂದರು. ತಮ್ಮ ಹೆಸರನ್ನೂ ಎಲ್ಲಿಯೂ ಬರೆಯಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು. ಅದಕ್ಕೇ ಇಲ್ಲಿಯೂ ಬರೆದಿಲ್ಲ.

ಇನ್ನು ಗುಂಡಿಯ ವಿಷಯ ಹೇಳಬೇಕು.

ಆ ನೆಲದಲ್ಲಿ ಮೇಲೆ ಮೊಣಕಾಲುದ್ದ ಕೆಂಪು ಮಣ್ಣು, ಕೆಳಗೆಲ್ಲ ಹಾರೆಗೂ ಜಗ್ಗದ ಗರಸು. ಒಂದು ಗುಂಡಿ ತೋಡಲು ದಿನವೇ ಹಿಡಿಯುತ್ತಿತ್ತು. ಸೆಕೆಗಾಲದಲ್ಲಿ ಹೆಣವನ್ನು ಬಹಳ ಹೊತ್ತು ಇಡಲಾಗುವುದಿಲ್ಲ. ಆದ್ದರಿಂದ ಒಂದು ಗುಂಡಿ ಯಾವಾಗಲೂ ತೋಡಿ ತಯಾರಾಗಿರಬೇಕೆಂದು ಕ್ಯಾಂಪಿನ ಸಾರ್ಜೆಂಟ್ ದೊರೆ ಹುಕುಂ ಮಾಡಿದ್ದ. ಒಂದು ತುಂಬಿದ ಕೂಡಲೇ ಪಕ್ಕದಲ್ಲಿ ಇನ್ನೊಂದು. ಮಿಲಿಟರಿಯವರಿಗೆ ಇದು ಸರಳವಾದ ಏರ್ಪಾಡು. ಆದರೆ ಆ ಹಳ್ಳಿಗಳ ಕಡೆ ತೋಡಿದ ಗುಂಡಿಯನ್ನು ಬರಿದಾಗಿ ರಾತ್ರಿಗೆ ಬಿಡುವ ಪದ್ಧತಿಯೇ ಇಲ್ಲ. ಹೆಣ ಸಿಂಗಾರವಾದ ಮೇಲೆಯೇ ಹಾರೆ ಎತ್ತುವುದು. ಹೊರಡುವುದು ತಡವಾದರೆ ಗುಂಡಿಯ ಹತ್ತಿರ ಒಬ್ಬರು ಕೂತಿರುತ್ತಾರೆ. ಕತ್ತಲಾಗಿಯೇ ಹೋದರೆ ಒಳಗೆ ಏನಾದರೊಂದನ್ನು ಮಲಗಿಸುತ್ತಾರೆ. ಇಲ್ಲದಿದ್ದರೆ ಗುಂಡಿ ತನಗೆ ಬೇಕಾದವರನ್ನು ಕೇಳುತ್ತದೆ, ತೋಡಿದವನ ಮನೆಯಿಂದಲೇ ಕೇಳುತ್ತದೆ ಎಂಬ ನಂಬಿಕೆ.

ಈಗ ಯಜಮಾನರ ಸ್ಥಿತಿ ಯೋಚನೆ ಮಾಡಿ. ತೋಡುವವರು ಅವರೇ. ಅವರ ಮನೆಯಲ್ಲಿ ಸಾವಿನ ಬಾಯಿಗೆ ಹತ್ತಿರ ಇದ್ದವನು ಒಬ್ಬನೇ, ಆ ಹುಡುಗ. ಗುಂಡಿ ದಿನವೂ ಬಾಯಿ ತೆರೆದುಕೊಂಡಿರಬೇಕು. ಕೆಲಸ ಬಿಟ್ಟುಬಿಡಿ ಎಂದರೆ ಅದಕ್ಕೂ ತಯಾರಿಲ್ಲ. "ನಾನ್ ಬಿಟ್ರೆ ಇನ್ಯಾರೋ ಬರ್ತಾನೆ. ಔನು ಹಾಗೇ ತೆರೆದುಬಿಟ್ಟು ಮನೇಗ್ ಹೋಗ್ತಾನೆ. ಇಷ್ಟು ದಿನ ತೋಡಿದ್ದು ನನ್ ಕೈ ಅಲ್ವಾ? ಅದು ಬಂದು ನನ್ ಮನೇನೇ ಕೇಳೋದು." ಅವರ ಹೆಂಡತಿ ಮುದ್ದೆಯ ಬುತ್ತಿ ತಂದಾಗ ನನ್ನ ಕಡೆ ನೋಡಿ, "ಇವ್ರಿಗೆ ಸ್ವಲ್ಪ ಬುದ್ಧಿ ಹೇಳಪ್ಪ, ಹಗಲೂ ರಾತ್ರಿ ಗುಂಡಿ ಗುಂಡಿ ಅಂತಾರೆ" ಎನ್ನುತ್ತಿದ್ದರು. ಹಾಗೆಂದವರೇ ಹೋಗುವಾಗ ಗುಂಡಿಯ ಕಡೆ ತಿರುಗಿಯೂ ನೋಡದೆ ದೂರದಿಂದ ಸುತ್ತಿಕೊಂಡು ಹೋಗುತ್ತಿದ್ದರು.

ಯಜಮಾನರು ಒಂದು ಉಪಾಯ ಮಾಡಿಕೊಂಡಿದ್ದರು. ಸಂಜೆ ದೊರೆಗಳೆಲ್ಲ ಕ್ಯಾಂಪಿಗೆ ಹೋದ ಮೇಲೆ ಒಂದು ಬಾಳೆಕಂಬಕ್ಕೆ ಹಳೆ ಪಂಚೆ ಸುತ್ತಿ ಗುಂಡಿಯೊಳಗೆ ಮಲಗಿಸುತ್ತಿದ್ದರು. ಗುಂಡಿಗೆ ಆಳು ಸಿಕ್ಕಿದ ಹಾಗಾಯಿತು. ಬೆಳಗಿನ ಜಾವ ಬಂದು ಎತ್ತಿ ಹೊಂಗೆ ಮರದ ಹಿಂದೆ ಅಡಗಿಸುತ್ತಿದ್ದರು. ಕಂಬ ಒಣಗಿದರೆ ತೋಟದಿಂದ ಹೊಸದು. ಇದು ಬಹಳ ಕಾಲ ಯಾರ ಕಣ್ಣಿಗೂ ಬೀಳದೆ ನಡೆಯಿತು.

ಒಂದು ದಿನ ಅವರ ಹಸು ಕರು ಹಾಕುವುದಕ್ಕೆ ಕಷ್ಟಪಟ್ಟು ಅವರು ಬರುವುದು ತಡವಾಯಿತು. ಅಂದೇ ಪಾದ್ರಿಗಳು, ಸಾರ್ಜೆಂಟು, ಪೆಟ್ಟಿಗೆ ಹೊತ್ತ ಸಿಪಾಯಿಗಳು ಬೆಳಗ್ಗೆಯೇ ಬಂದುಬಿಟ್ಟರು. ನಾನು ಶಿಲುಬೆ ಹಿಡಿದುಕೊಂಡು ಹಿಂದೆ ಇದ್ದೆ. ಪಾದ್ರಿಗಳು ಪುಸ್ತಕ ಬಿಚ್ಚಿ, ಕೆಳಗೆ ನೋಡಿ, ಹಾಗೇ ನಿಂತರು. ಗುಂಡಿಯಲ್ಲಿ ಆಗಲೇ ಬಿಳಿ ಬಟ್ಟೆ ಸುತ್ತಿಕೊಂಡು ಯಾರೋ ಮಲಗಿದ್ದಾರೆ. ಸಾರ್ಜೆಂಟನ ಮುಖ ಕೆಂಪಾಯಿತು. ಅವನು ಸುತ್ತ ನೋಡಿ, ಸಿಕ್ಕಿದ ಒಬ್ಬನೇ ಕರಿಯನಾದ ನನ್ನನ್ನು ಹಿಡಿದು, ಅದು ಯಾರು ಎಂದು ಗದರಿದ. "ಬನಾನಾ, ಸರ್" ಎಂದೆ. ನನ್ನ ಬಳಿ ಇದ್ದ ಇಂಗ್ಲಿಷ್ ಅಷ್ಟೇ. ಪೆಟ್ಟಿಗೆ ಹೊತ್ತಿದ್ದ ಒಬ್ಬ ಹುಡುಗ ಸಿಪಾಯಿಗೆ ನಗು ತಡೆಯಲಾಗಲಿಲ್ಲ. ಅವನ ಭುಜ ಕುಲುಕಿದ ಹಾಗೆ ಪೆಟ್ಟಿಗೆಯೂ ಕುಲುಕಿತು. ಅಷ್ಟರಲ್ಲಿ ಯಜಮಾನರು ಕೈಗೆಲ್ಲ ಹಸುವಿನ ರಕ್ತ ಮೆತ್ತಿಕೊಂಡು ಓಡಿಬಂದರು. ಅವರನ್ನು ನೋಡಿ ಪಾದ್ರಿಗಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

ಈಗ ಹೇಳುವಾಗ ನನಗೂ ನಗು ಬರುತ್ತದೆ. ಅಂದು ಯಾರಿಗೂ ನಗುವ ಧೈರ್ಯ ಉಳಿಯಲಿಲ್ಲ. ಇನ್ನು ಮೇಲೆ ಗುಂಡಿಯೊಳಗೆ ಒಂದು ಕಡ್ಡಿ ಕಂಡರೂ ಕೆಲಸದಿಂದ ತೆಗೆದು ಬೇರೆಯವನನ್ನು ಹಾಕುತ್ತೇನೆಂದು ಸಾರ್ಜೆಂಟ್ ಕೂಗಾಡಿದ. ಅದಕ್ಕೆ ಭಾಷಾಂತರವೇ ಬೇಕಾಗಲಿಲ್ಲ. ಆವತ್ತಿನಿಂದ ಕ್ಯಾಂಪಿನ ಒಬ್ಬ ಪಹರೆಯವನು ಹೊತ್ತು ಮುಳುಗಿದ ಮೇಲೆ ಬಂದು ದೀಪ ಹಿಡಿದು ಗುಂಡಿಯನ್ನು ನೋಡಿ ಹೋಗುತ್ತಿದ್ದ.

ಕೆಲವು ದಿನ ಯಜಮಾನರು ಊಟವನ್ನೇ ಬಿಟ್ಟ ಹಾಗಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಸ್ವಲ್ಪ ಸಮಾಧಾನವಾದವರಂತೆ ಕಂಡರು. ನನಗೆ ಅದೇ ಅನುಮಾನಕ್ಕೆ ಕಾರಣವಾಯಿತು. ಒಂದು ಸಂಜೆ ಬಣ್ಣ ಒಣಗಲೆಂದು ಮರದ ಕೆಳಗೆ ಕಾಯುತ್ತಿದ್ದೆ. ನಾನಿರುವುದು ಅವರಿಗೆ ಮರೆತುಹೋಗಿತ್ತೋ ಏನೋ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಜಗಳವಾಡಿದ ನೆಂಟನನ್ನು ಒಲಿಸಿಕೊಳ್ಳುವವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. "ಇದು ನಂದು, ಕೇಳಿಸ್ತಾ? ನನ್ನಳತೆಗೇ ತೋಡಿದ್ದೀನಿ. ನಿನಗೆ ಯಾರಾದ್ರೂ ಬೇಕು ಅಂದ್ರೆ ನನ್ನ ಕೇಳು, ಇಲ್ಲ ಅನ್ನಲ್ಲ. ಹುಡುಗನ ತಂಟೆಗೆ ಹೋಗ್ಬೇಡ." ಹಾಗೆಂದು ತಮ್ಮ ಹೆಸರು, ತಂದೆಯ ಹೆಸರು, ಊರು, ಮನೆ ಯಾವ ಬೀದಿಯಲ್ಲಿದೆ ಎಂಬುದನ್ನೆಲ್ಲ ವಿವರವಾಗಿ ತಿಳಿಸಿದರು.

ಹತ್ತಿರ ಹೋಗಿ ಬೈದೇಬಿಟ್ಟೆ. "ಏನ್ ಯಜಮಾನ್ರೇ ಇದು? ಗುಂಡಿಗೇನು ಕಿವಿ ಇದೆಯಾ?"

"ಇಲ್ದಿದ್ರೆ ಒಳ್ಳೇದೇ ಆಯ್ತಲ್ಲ" ಎಂದರು. "ಇದ್ರೆ?"

ನಾನೂ ಆಗ ಮದುವೆಯಾಗಿ ಮಕ್ಕಳಾದವನು. ಅಂದು ಮನೆಗೆ ಹೋಗುವಾಗ ಹಲಸೂರು ಕೆರೆಯವರೆಗೂ ಸೈಕಲ್ ಬಿರುಸಾಗಿ ತುಳಿದೆ ಎಂಬುದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಆ ಒಪ್ಪಂದದಿಂದ ಅವರ ಹೆದರಿಕೆ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಎರಡರಷ್ಟಾಯಿತು. ಕೆಮ್ಮು ಬಂದರೆ ಇದೇ ಕರೆ ಎಂದುಕೊಳ್ಳುತ್ತಿದ್ದರು. ಕೆಮ್ಮು ವಾಸಿಯಾದರೆ ಇನ್ನೂ ಗಾಬರಿ: ನನ್ನನ್ನು ಬಿಟ್ಟಿತು ಎಂದರೆ ಯಾರನ್ನು ಹಿಡಿಯಿತು? ಒಂದು ಮಳೆಗಾಲ ಅವರಿಗೆ ಚಳಿಜ್ವರ ಬಂದು ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದರು. ನೋಡಲು ಹೋದೆ. ಮುಖ ಬಾಡಿತ್ತು, ಕಣ್ಣಿನಲ್ಲಿ ಮಾತ್ರ ಒಂದು ತರಹದ ಗೆಲುವು. "ಹುಡುಗ ಕ್ಷೇಮವಾಗಿದ್ದಾನೆ ಪೇಂಟ್ರೇ, ನೋಡಿ, ಮೈ ಮುಟ್ಟಿ ನೋಡಿ ಹೆಂಗ್ ಸುಡ್ತಿದೆ" ಎಂದರು. ಜ್ವರ ಬಿಟ್ಟ ದಿನ ಆ ಮನುಷ್ಯ ಅತ್ತರಂತೆ. ಅವರ ಹೆಂಡತಿ ಹೇಳಿದ್ದು.

ಯುದ್ಧ ಮುಗಿಯಿತು. ಕಂಟೋನ್‌ಮೆಂಟಿನಲ್ಲಿ ಪಟಾಕಿ ಸುಟ್ಟರು, ಬ್ಯಾಂಡು ಬಾರಿಸಿದರು. ನನಗೂ ಒಂದಷ್ಟು ಬೋರ್ಡುಗಳ ಕೆಲಸ ಸಿಕ್ಕಿತು. ಆದರೆ ಕ್ಯಾಂಪು ಕೂಡಲೇ ಏಳಲಿಲ್ಲ, ಆಸ್ಪತ್ರೆಯಲ್ಲಿ ಉಳಿದವರು ಅಲ್ಲೊಬ್ಬ ಇಲ್ಲೊಬ್ಬ ಸಾಯುತ್ತಲೇ ಇದ್ದರು. ಗುಂಡಿಯ ಹುಕುಂ ಹಾಗೇ ಇತ್ತು. ಹೊರಮಾವಿನ ಹುಡುಗರು ವಾಪಸು ಬಂದರಂತೆ, ಕೃಷ್ಣರಾಜಪುರದ ಕಡೆಯವನೊಬ್ಬ ಬಂದನಂತೆ ಎಂದು ಸುದ್ದಿ ಬರುತ್ತಿತ್ತು. ಯಜಮಾನರು ಅವರ ಮನೆಗಳಿಗೆಲ್ಲ ಹೋಗಿ ವಿಚಾರಿಸಿಕೊಂಡು ಬಂದರು. ಯಾರೂ ಇವರ ಮಗನನ್ನು ಕಂಡಿರಲಿಲ್ಲ. ಯುದ್ಧ ನಡೆಯುವಾಗ ಸುದ್ದಿಯಿಲ್ಲದಿರುವುದು ಬೇರೆ, ಮುಗಿದ ಮೇಲೂ ಸುದ್ದಿಯಿಲ್ಲದಿರುವುದು ಬೇರೆ. "ಏನೂ ಇಲ್ಲ ತಾನೆ?" ಎಂದು ಕೇಳುವುದನ್ನೂ ಅವರು ಆಗ ಬಿಟ್ಟುಬಿಟ್ಟರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಕೆಲಸವಿಲ್ಲದಿದ್ದರೂ ಮಾಸಿದ ಅಕ್ಷರ ತಿದ್ದುವ ನೆಪ ಮಾಡಿಕೊಂಡು ಹೋಗಿಬರುತ್ತಿದ್ದೆ.

ಹಾಗೆ ಹೋಗಿದ್ದ ಒಂದು ಮಧ್ಯಾಹ್ನ, ಕೆರೆಯ ಏರಿಯ ಮೇಲೆ ಒಬ್ಬ ಖಾಕಿಯವನು ಚೀಲ ಹೊತ್ತು ಬರುತ್ತಿದ್ದ. ಬಡಕಲು ಮೈ, ಅರಿಸಿನ ಬಳಿದ ಹಾಗೆ ಹಳದಿ ಮುಖ. ಯಜಮಾನರು ಹುಲ್ಲು ಕೀಳುತ್ತಿದ್ದವರು ತಲೆ ಎತ್ತಿದರು. ನಡಿಗೆಯಿಂದಲೇ ಗುರುತು ಹಿಡಿದಿರಬೇಕು. ಓಡಿಹೋಗಿ ತಬ್ಬಿಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಎರಡೂ ಕೈ ಅಡ್ಡ ಚಾಚಿ, ನಾನು ಅಲ್ಲಿಯವರೆಗೆ ಕೇಳಿರದ ಧ್ವನಿಯಲ್ಲಿ ಕೂಗಿದರು. "ಅಲ್ಲೇ ನಿಲ್ಲು! ತಂತಿ ದಾಟ್ಬೇಡ!"

ಹುಡುಗ ಬೆಚ್ಚಿ ನಿಂತ. "ನಾನಪ್ಪ" ಎಂದ.

"ಗೊತ್ತು. ನಿಂತ್ಕೋ."

ಯಜಮಾನರು ಗುಂಡಿಯ ಬಳಿಗೆ ಹೋದರು. ತಲೆಯ ರುಮಾಲನ್ನು ಬಿಚ್ಚಿದರು, ತೊಟ್ಟಿದ್ದ ಅಂಗಿಯನ್ನೂ ಬಿಚ್ಚಿದರು, ಎರಡನ್ನೂ ಮಡಿಸಿ ಗುಂಡಿಯೊಳಗೆ ಇಳಿದು ತಳದಲ್ಲಿಟ್ಟು ಮೇಲೆ ಬಂದರು. ಆಮೇಲೆ ಸಲಿಕೆ ಹಿಡಿದು ಮಣ್ಣು ಎಳೆಯತೊಡಗಿದರು. ದಿನವಿಡೀ ಹಾರೆ ಹಾಕಿ ತೆಗೆದ ಗರಸನ್ನೆಲ್ಲ ಒಬ್ಬರೇ ವಾಪಸು ತುಂಬುತ್ತಿದ್ದರು. ಏದುಸಿರು, ಬೆವರು. ಹುಡುಗ ತಡೆಯಲಾರದೆ ಚೀಲ ಇಳಿಸಿ ತಂತಿಗೆ ಕೈ ಹಾಕಿದ. "ಮುಟ್ಬೇಡ ಅಂದ್ನಲ್ಲ!" ಎಂದು ಗರ್ಜಿಸಿದರು. ನಾನು ಇನ್ನೊಂದು ಸಲಿಕೆ ಎತ್ತಿಕೊಂಡೆ. "ನೀವೂ ಬೇಡ ಪೇಂಟ್ರೇ. ಮನೇಲಿ ಮಕ್ಕಳಿದ್ದಾರೆ."

ನಾನು ತಂತಿಯ ಆಚೆ ಹೋಗಿ ಹುಡುಗನ ಪಕ್ಕದಲ್ಲಿ ಕೂತೆ. ನಿಮ್ಮಪ್ಪನಿಗೆ ತಲೆ ಕೆಟ್ಟಿಲ್ಲ ಎಂದು ಹೇಳಿ, ಬಾಳೆಕಂಬದಿಂದ ಹಿಡಿದು ಎಲ್ಲವನ್ನೂ ತಿಳಿಸಿದೆ. ಅವನು ಕೇಳುತ್ತಾ ಕೇಳುತ್ತಾ ಮೊದಲು ನಕ್ಕ. ಆಮೇಲೆ ಮುಖವನ್ನು ಅಂಗೈಯಿಂದ ಉಜ್ಜಿಕೊಂಡ. ಕಾಮಾಲೆಯಾಗಿ ಗುವಾಹಟಿ ಕಡೆಯ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದನಂತೆ, ಕಾರ್ಡು ಬರೆಯಲು ಕೈಯೇ ಏಳುತ್ತಿರಲಿಲ್ಲವಂತೆ.

"ನಾವ್ ಅಲ್ಲಿ ರಾತ್ರಿ ಎಲ್ಲಾ ಗುಂಡೀಲೇ ಮಲಗ್ತಿದ್ದಿದ್ದು ಅಣ್ಣಾ" ಎಂದ. "ಹೋದ ಕಡೆ ಎಲ್ಲಾ ಮೊದಲು ಅವರವರ ಗುಂಡಿ ಅವರವರೇ ತೋಡ್ಕೋಬೇಕು. ಮೇಲೆ ಗುಂಡು ಹಾರ್ತಿರುತ್ತೆ, ನಾವ್ ಒಳಗೆ. ಅದಿದ್ದಕ್ಕೇ ಬದುಕಿದ್ದೀನಿ."

"ಆಮೇಲೆ ಮುಚ್ತಿದ್ರಾ?" ಎಂದು ಕೇಳಿದೆ.

"ಯಾರಿಗಣ್ಣಾ ಪುರಸೊತ್ತು? ಬೆಳಗಾದ್ರೆ ಹಾಗೇ ಬಿಟ್ಟು ಮುಂದಕ್ಕೆ. ಕಾಡು ತುಂಬಾ ನಮ್ಮ ಗುಂಡಿಗಳೇ ಇವೆ."

ಸಲಿಕೆಯ ಸದ್ದು ನಿಂತಿತ್ತು. ಯಜಮಾನರು ಯಾವಾಗ ಬಂದರೋ, ತಂತಿಯ ಆ ಬದಿಯಲ್ಲಿ ಬರಿಮೈಯಲ್ಲಿ ನಿಂತಿದ್ದರು. ಎಷ್ಟು ಕೇಳಿಸಿತ್ತೋ ಗೊತ್ತಿಲ್ಲ. ಅವರ ತಲೆಯನ್ನು ರುಮಾಲಿಲ್ಲದೆ ನಾನು ನೋಡಿದ್ದು ಅದೇ ಮೊದಲು, ಕೂದಲೆಲ್ಲ ಬೆಳ್ಳಗಾಗಿತ್ತು.

"ಗುಂಡೀಲಿ ಮಲಗ್ತಿದ್ದಾ?" ಎಂದರು.

"ಹೂಂ ಅಪ್ಪ."

"ನೀನೇ ತೋಡಿದ್ದಾ?"

"ನಾನೇ."

ಯಜಮಾನರು ತುಟಿ ಸವರಿಕೊಂಡು ಕೇಳಿದರು. "ಬಿಟ್ ಬರೋವಾಗ ಮುಚ್ಚಿದ್ಯೇನಪ್ಪಾ?"

ಹುಡುಗ ನನ್ನ ಕಡೆ ನೋಡಲಿಲ್ಲ. ಅಪ್ಪನ ಹಿಂದೆ, ಆಗತಾನೇ ಮುಚ್ಚಿದ ಹಸಿ ಮಣ್ಣಿನ ದಿಬ್ಬವನ್ನೇ ನೋಡುತ್ತಿದ್ದ.

"ಮುಚ್ಚಿದ್ದೆ ಅಪ್ಪ."

"ಎಲ್ಲಾನೂ?"

"ಎಲ್ಲಾನೂ ಮುಚ್ಚೇ ಬಂದಿದ್ದು. ಒಂದೂ ಬಿಟ್ಟಿಲ್ಲ."

ಯಜಮಾನರು ತಂತಿಯನ್ನು ಎತ್ತಿ, ಬಗ್ಗಿ ಈಚೆಗೆ ಬಂದರು. ಮಣ್ಣಾದ ಕೈಯನ್ನು ಪಂಚೆಗೆ ಒರೆಸಿಕೊಂಡು, ಮಗನ ಮುಖವನ್ನು ಮುಟ್ಟಿ ನೋಡಿದರು.